ಬಾಟಲಿಯ ಮೇಲಿನ ಹೆಸರು: ಡಾ. ಸಿಡ್ನಿ ರಿಂಗರ್ ಬದುಕು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಆಸ್ಪತ್ರೆಗಳಲ್ಲಿ ರೋಗಿಯ ಕಡೆಯವರು ಅದನ್ನು ಸಲಾಯಿನ್ ಎನ್ನುತ್ತಾರೆ. ಇನ್ನು ಕೆಲವರಿಗೆ ಅದು ಗ್ಲೂಕೋಸ್ ಬಾಟಲಿ. ವೈದ್ಯರು ಮತ್ತು ದಾದಿಯರು ಮಾತ್ರ ಆರ್‌ಎಲ್ ಎಂಬ ಎರಡಕ್ಷರದಲ್ಲಿ ಮುಗಿಸುತ್ತಾರೆ. ಮೊದಲ ಅಕ್ಷರ ರಿಂಗರ್ ಎಂಬ ಮನುಷ್ಯನದು, ಎರಡನೆಯದು ಲ್ಯಾಕ್ಟೇಟ್ ಎಂಬ ರಾಸಾಯನಿಕದ್ದು.

2024ರ ನವೆಂಬರ್‌ನಲ್ಲಿ ಈ ಹೆಸರು ಏಕಾಏಕಿ ರಾಜ್ಯದ ಎಲ್ಲ ಪತ್ರಿಕೆಗಳ ಮುಖಪುಟಕ್ಕೆ ಬಂದಿತು. ನೆರೆಯ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರಲ್ಲಿ ಹಲವರಿಗೆ ಮೂತ್ರಪಿಂಡದ ತೊಂದರೆ ಕಾಣಿಸಿಕೊಂಡು, ಒಬ್ಬರ ಹಿಂದೊಬ್ಬರಂತೆ ಐವರು ಅಸುನೀಗಿದರು. ಶಸ್ತ್ರಚಿಕಿತ್ಸೆಯ ವೇಳೆ ಅವರ ರಕ್ತನಾಳಕ್ಕೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಶಂಕೆ ಮೂಡಿತು. ಪಶ್ಚಿಮ ಬಂಗಾಳದ ಕಂಪನಿಯೊಂದು ಪೂರೈಸಿದ್ದ ಆ ದ್ರಾವಣದ ಬಳಕೆಯನ್ನು ಸರಕಾರ ರಾಜ್ಯದಾದ್ಯಂತ ತಡೆಹಿಡಿಯಿತು. ರಾಜ್ಯದ ಔಷಧ ನಿಯಂತ್ರಕರು ಅಮಾನತುಗೊಂಡರು.

ಆ ದಿನಗಳಲ್ಲಿ ಸಾವಿರಾರು ಸಲ ಅಚ್ಚಾದ ರಿಂಗರ್ ಎಂಬ ಹೆಸರಿನ ಹಿಂದೆ ಒಬ್ಬ ವೈದ್ಯನಿದ್ದ, ಆತನ ಇಡೀ ಕೀರ್ತಿ ನಿಂತಿರುವುದೂ ಬಾಟಲಿಯೊಳಗೆ ನಿಜವಾಗಿ ಏನಿತ್ತು ಎಂಬ ಇದೇ ಪ್ರಶ್ನೆಯ ಮೇಲೆ ಎಂಬುದನ್ನು ನೆನೆದವರು ಕಡಿಮೆ.

ನಾರ್ವಿಚ್‌ನಿಂದ ಲಂಡನ್‌ಗೆ

ಸಿಡ್ನಿ ರಿಂಗರ್ 1830ರ ದಶಕದ ಮಧ್ಯಭಾಗದಲ್ಲಿ ಇಂಗ್ಲೆಂಡಿನ ಪೂರ್ವಭಾಗದ ನಾರ್ವಿಚ್ ಪಟ್ಟಣದಲ್ಲಿ ಜನಿಸಿದರು. ವ್ಯಾಪಾರ ವೃತ್ತಿಯ, ಕಟ್ಟುನಿಟ್ಟಿನ ದೈವಭಕ್ತಿಯ ಕುಟುಂಬ. ಇಂಗ್ಲೆಂಡಿನ ಅಧಿಕೃತ ಚರ್ಚ್‌ಗೆ ಸೇರದ ಪಂಗಡದವರು. ರಿಂಗರ್ ಬಾಲಕನಾಗಿದ್ದಾಗಲೇ ತಂದೆ ತೀರಿಕೊಂಡರು. ಇಬ್ಬರು ಸಹೋದರರು ದೂರದ ಚೀನಾ, ಜಪಾನ್‌ಗಳಿಗೆ ಹೋಗಿ ವ್ಯಾಪಾರದಲ್ಲಿ ದೊಡ್ಡ ಹೆಸರು ಗಳಿಸಿದರು. ಅವರಲ್ಲಿ ಫ್ರೆಡರಿಕ್ ರಿಂಗರ್ ಜಪಾನಿನ ನಾಗಸಾಕಿಯಲ್ಲಿ ಎಷ್ಟು ಪ್ರಸಿದ್ಧರಾದರೆಂದರೆ, ಆ ದೇಶದ ಒಂದು ಶಾವಿಗೆ ಹೋಟೆಲ್ ಸರಣಿ ಇಂದಿಗೂ ರಿಂಗರ್ ಹಟ್ ಎಂದೇ ಕರೆಯಿಸಿಕೊಳ್ಳುತ್ತದೆ. ಒಬ್ಬ ಅಣ್ಣತಮ್ಮನ ಹೆಸರು ಆಸ್ಪತ್ರೆಯ ಬಾಟಲಿಗೆ, ಇನ್ನೊಬ್ಬನದು ಊಟದ ಮನೆಗೆ ಅಂಟಿಕೊಂಡಿದ್ದು ವಿಚಿತ್ರವಾದರೂ ಸತ್ಯ.

ಊರಲ್ಲಿ ವೈದ್ಯರೊಬ್ಬರ ಬಳಿ ಕೆಲಸ ಕಲಿಯಲು ಆರಂಭಿಸಿದ ಸಿಡ್ನಿ, 1854ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನು ಸೇರಿದರು. 1860ರಲ್ಲಿ ವೈದ್ಯ ಪದವಿ ಬಂದಿತು. ಅಲ್ಲಿಂದ 1900ರಲ್ಲಿ ನಿವೃತ್ತರಾಗುವವರೆಗೆ ಅವರ ವೃತ್ತಿಬದುಕು ಬಹುಪಾಲು ಒಂದೇ ಆಸ್ಪತ್ರೆಯ ಸುತ್ತ ಸಾಗಿತು. ಕಾಲೇಜಿನ ಎದುರಿಗೇ ಇದ್ದ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ಕಿರಿಯ ವೈದ್ಯರಾಗಿ ಸೇರಿ, ಔಷಧಶಾಸ್ತ್ರದ ಪ್ರಾಧ್ಯಾಪಕರಾಗಿ, ಕೊನೆಗೆ ರೋಗಚಿಕಿತ್ಸಾ ವಿಭಾಗದ ಪ್ರಾಧ್ಯಾಪಕರಾಗಿ ನಾಲ್ಕು ದಶಕ ಕಳೆದರು.

ತಮ್ಮ ಕಾಲದಲ್ಲಿ ಅವರು ಪ್ರಸಿದ್ಧರಾಗಿದ್ದು ದ್ರಾವಣದಿಂದಲ್ಲ, ಪುಸ್ತಕದಿಂದ. 1869ರಲ್ಲಿ ಪ್ರಕಟವಾದ ಅವರ ಚಿಕಿತ್ಸಾ ಕೈಪಿಡಿ 1897ರ ಹೊತ್ತಿಗೆ 13 ಆವೃತ್ತಿಗಳನ್ನು ಕಂಡಿತ್ತು. ಯಾವ ರೋಗಕ್ಕೆ ಯಾವ ಔಷಧ, ಎಷ್ಟು ಪ್ರಮಾಣ, ಯಾವ ಹೊತ್ತಿಗೆ ಎಂಬುದನ್ನು ನೇರವಾಗಿ ಹೇಳುವ ಆ ಕೃತಿ ವಿಕ್ಟೋರಿಯಾ ಕಾಲದ ವೈದ್ಯರ ಮೇಜಿನ ಮೇಲೆ ಇದ್ದೇ ಇರುತ್ತಿತ್ತು.

ಸಂಕೋಚ ಸ್ವಭಾವದ, ಸದಾ ಅವಸರದ ಮನುಷ್ಯ. ಮುಂಜಾನೆಯೇ ಆಸ್ಪತ್ರೆಗೆ ಬರುವುದು, ವಾರ್ಡ್ ಸುತ್ತುವುದು, ನಡುವೆ ಬಿಡುವು ಸಿಕ್ಕರೆ ರಸ್ತೆ ದಾಟಿ ಕಾಲೇಜಿನ ಶರೀರಶಾಸ್ತ್ರ ಪ್ರಯೋಗಾಲಯಕ್ಕೆ ಓಡುವುದು, ಮತ್ತೆ ರೋಗಿಗಳತ್ತ ಮರಳುವುದು ಅವರ ದಿನಚರಿಯಾಗಿತ್ತು. ಪ್ರಯೋಗಾಲಯದ ಕೆಲಸಕ್ಕೆ ಸಂಬಳವೇನೂ ಇರಲಿಲ್ಲ. ಖಾಸಗಿ ರೋಗಿಗಳನ್ನು ನೋಡಿ ಗಳಿಸಬಹುದಾಗಿದ್ದ ಹೊತ್ತನ್ನು ಅವರು ಕಪ್ಪೆಯ ಹೃದಯದ ಮುಂದೆ ಕುಳಿತು ಕಳೆದರು.

ನಲ್ಲಿ ನೀರಿನ ರಹಸ್ಯ

ದೇಹದಿಂದ ಹೊರತೆಗೆದ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿ ಇರಿಸಿ, ಅದು ಎಷ್ಟು ಹೊತ್ತು ಬಡಿಯುತ್ತದೆ, ಯಾವ ಲವಣ ಸೇರಿಸಿದರೆ ಬಡಿತ ಹೇಗೆ ಬದಲಾಗುತ್ತದೆ ಎಂದು ಗಮನಿಸುವುದು ಅವರ ಪ್ರಯೋಗದ ವಿಧಾನ. ರಕ್ತದಲ್ಲಿರುವ ನೂರಾರು ಪದಾರ್ಥಗಳಲ್ಲಿ ಹೃದಯವನ್ನು ನಡೆಸಲು ನಿಜಕ್ಕೂ ಬೇಕಾದವು ಯಾವುವು ಎಂಬುದು ಅವರ ಪ್ರಶ್ನೆ. 1882ರಲ್ಲಿ ಅವರು ಉತ್ತರ ಸಿಕ್ಕಿತೆಂದು ಪ್ರಬಂಧ ಪ್ರಕಟಿಸಿದರು. ಅಡುಗೆ ಉಪ್ಪಿಗೆ ತುಸು ಪೊಟ್ಯಾಸಿಯಂ ಸೇರಿಸಿ ಶುದ್ಧ ನೀರಿನಲ್ಲಿ ಕರಗಿಸಿದರೆ ಹೃದಯ ಗಂಟೆಗಟ್ಟಲೆ ಬಡಿಯುತ್ತದೆ ಎಂಬುದು ಅದರ ಸಾರ.

ಅಷ್ಟರಲ್ಲಿ ಒಂದು ವಿಘ್ನ. ಅದೇ ಲವಣ, ಅದೇ ಪ್ರಮಾಣ, ಅದೇ ಕಪ್ಪೆ. ಆದರೆ ಹೊಸದಾಗಿ ಮಾಡಿದ ದ್ರಾವಣದಲ್ಲಿ ಹೃದಯ ಬಲಗುಂದಿ ಬೇಗನೆ ನಿಂತುಹೋಗುತ್ತಿತ್ತು. ಕಾರಣ ಹುಡುಕುತ್ತ ಹೋದ ರಿಂಗರ್‌ಗೆ ತಿಳಿದುಬಂದದ್ದು ಇಷ್ಟು: ಮೊದಲಿನ ದ್ರಾವಣವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಿರಲೇ ಇಲ್ಲ. ಅದು ಲಂಡನ್ನಿನ ನ್ಯೂ ರಿವರ್ ಕಂಪನಿ ಪೂರೈಸುತ್ತಿದ್ದ ನಲ್ಲಿಯ ನೀರು. ಫೀಲ್ಡರ್ ಎಂಬ ಪ್ರಯೋಗಾಲಯದ ಸಹಾಯಕ, ಉಪ್ಪು ಕರಗಿಸಲಿಕ್ಕೆ ಅಷ್ಟೆಲ್ಲ ಕಷ್ಟಪಟ್ಟು ನೀರು ಭಟ್ಟಿ ಇಳಿಸುವುದೇಕೆ ಎಂದುಕೊಂಡು ನಲ್ಲಿ ತಿರುಗಿಸಿ ಬಾಟಲಿ ತುಂಬಿದ್ದನೆಂಬ ಕಥೆಯನ್ನು ಮುಂದಿನ ಪೀಳಿಗೆಯ ವಿಜ್ಞಾನಿ ಹೆನ್ರಿ ಡೇಲ್ ದಾಖಲಿಸಿದ್ದಾರೆ.

ನ್ಯೂ ರಿವರ್ ಹೆಸರಿಗೆ ನದಿ, ನಿಜದಲ್ಲಿ ಮನುಷ್ಯರು ತೋಡಿದ ಕಾಲುವೆ. ಗಂಗಾವತಿ, ಆನೆಗೊಂದಿ ಭಾಗದ ವಿಜಯನಗರ ಕಾಲುವೆಗಳಂತೆ ಅದೂ ಹಳೆಯದು. 1613ರಲ್ಲಿ ನೀರು ಹರಿಸಲಾಗಿತ್ತು. ಸುಣ್ಣದ ಕಲ್ಲಿನ ಪ್ರದೇಶದ ಊಟೆಗಳಿಂದ ಬರುವ ಆ ನೀರಿನಲ್ಲಿ ಕ್ಯಾಲ್ಸಿಯಂ ಇತ್ತು. ರಿಂಗರ್ ಅದನ್ನು ಪರೀಕ್ಷಿಸಿ ಅಳೆದರು: ಹತ್ತು ಲಕ್ಷ ಭಾಗಕ್ಕೆ ಸುಮಾರು 38 ಭಾಗ. ಕುಷ್ಟಗಿ, ಯಲಬುರ್ಗಾದ ಕೊಳವೆಬಾವಿಯ ಸವಳು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟಿಕೊಳ್ಳುವ ಬಿಳಿಯ ಪದರವನ್ನು ಕಂಡವರಿಗೆ, ತಿಳಿಯಾಗಿ ಕಾಣುವ ನೀರಿನಲ್ಲಿ ಏನೆಲ್ಲ ಇರಬಲ್ಲದೆಂದು ಬಿಡಿಸಿ ಹೇಳಬೇಕಿಲ್ಲ. ಕಣ್ಣಿಗೆ ಕಾಣದ ಫ್ಲೋರೈಡ್ ಇದೇ ತಾಲ್ಲೂಕುಗಳಲ್ಲಿ ಎಷ್ಟು ಜನರ ಹಲ್ಲು, ಮೂಳೆ ಕೆಡಿಸಿದೆಯೆಂಬುದೂ ಗೊತ್ತಿರುವ ಸಂಗತಿಯೇ.

ರಿಂಗರ್ ಮುಂದೆ ಎರಡು ದಾರಿಗಳಿದ್ದವು. ಸಹಾಯಕನನ್ನು ಬೈದು ವಿಷಯ ಮುಚ್ಚಿಹಾಕಿ ಪ್ರಯೋಗಗಳನ್ನು ಸದ್ದಿಲ್ಲದೆ ಮತ್ತೆ ಮಾಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. 1883ರಲ್ಲಿ ಅದೇ ಪತ್ರಿಕೆಯಲ್ಲಿ ಇನ್ನೊಂದು ಪ್ರಬಂಧ ಬರೆದು, ಮೊದಲಿನ ದ್ರಾವಣ ನಲ್ಲಿ ನೀರಿನದೆಂದೂ ತಮ್ಮ ಹಿಂದಿನ ತೀರ್ಮಾನ ತಪ್ಪೆಂದೂ ಆರಂಭದಲ್ಲೇ ಒಪ್ಪಿಕೊಂಡರು. ಆ ನೀರಿನಲ್ಲಿದ್ದ ಏನು ಹೃದಯವನ್ನು ನಡೆಸುತ್ತಿತ್ತು ಎಂದು ಹುಡುಕಿ, ಅದು ಕ್ಯಾಲ್ಸಿಯಂ ಎಂದು ಸಾಬೀತುಪಡಿಸಿದರು. ಹೃದಯದ ಸ್ನಾಯು ಸಂಕುಚಿಸಲು ಕ್ಯಾಲ್ಸಿಯಂ ಬೇಕೇಬೇಕು ಎಂಬ, ಇಂದು ಪ್ರತಿ ವೈದ್ಯ ವಿದ್ಯಾರ್ಥಿ ಓದುವ ಪಾಠ ಹುಟ್ಟಿದ್ದು ಹೀಗೆ. ಸಹಾಯಕನ ಸೋಮಾರಿತನಕ್ಕೆ ಈ ಕೀರ್ತಿಯನ್ನು ಕೊಡುವವರುಂಟು. ಅದು ನ್ಯಾಯವಲ್ಲ. ನಲ್ಲಿ ತಿರುಗಿಸಿದವರು ಅನೇಕರಿರಬಹುದು, ಬಾಟಲಿ ಬಗ್ಗೆ ಅನುಮಾನಪಟ್ಟು ಅದನ್ನು ಬರೆದು ಅಚ್ಚುಹಾಕಿಸಿದವರು ಒಬ್ಬರೇ.

ಮುಂದಿನ ವರ್ಷಗಳಲ್ಲಿ ಅವರು ಈ ಲೆಕ್ಕವನ್ನು ಇನ್ನಷ್ಟು ನಿಖರಗೊಳಿಸಿದರು. ಕ್ಯಾಲ್ಸಿಯಂ ಮಿತಿಮೀರಿದರೆ ಹೃದಯ ಬಿಗಿಹಿಡಿದು ನಿಲ್ಲುತ್ತದೆ. ಪೊಟ್ಯಾಸಿಯಂ ಮಿತಿಮೀರಿದರೆ ಸಡಿಲಗೊಂಡು ನಿಲ್ಲುತ್ತದೆ. ಎರಡೂ ಒಂದನ್ನೊಂದು ತೂಗಿ ಹಿಡಿದಾಗ ಮಾತ್ರ ಬಡಿತ ಸರಿ. ಭಟ್ಟಿ ಇಳಿಸಿದ ನೀರಿಗೆ ಬಿಟ್ಟ ಮೀನುಗಳು ಕೆಲವೇ ಗಂಟೆಗಳಲ್ಲಿ ಸಾಯುವುದನ್ನೂ, ತುಸು ಕ್ಯಾಲ್ಸಿಯಂ ಬೆರೆತರೆ ಅವು ಬದುಕುವುದನ್ನೂ ತೋರಿಸಿದರು. ಅತಿ ಶುದ್ಧವಾದ ನೀರೂ ಜೀವಕ್ಕೆ ಹಿತವಲ್ಲ ಎಂಬುದು ಆಗಿನ ಕಾಲಕ್ಕೆ ಹೊಸ ಮಾತು. 1885ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು.

ಒಂದು ಕಳಂಕ, ಒಂದು ದುಃಖ

ತಪ್ಪೊಪ್ಪಿಕೊಂಡ 1883ನೇ ಇಸವಿಯಲ್ಲೇ ರಿಂಗರ್ ಇನ್ನೊಂದು ಕಾರಣಕ್ಕೆ ಸುದ್ದಿಯಾದರು. ವಿಲಿಯಂ ಮರೆಲ್ ಎಂಬ ಸಹೋದ್ಯೋಗಿಯ ಜೊತೆ ಸೇರಿ, ಸೋಡಿಯಂ ನೈಟ್ರೈಟ್ ಎಂಬ ರಾಸಾಯನಿಕವನ್ನು 18 ಮಂದಿ ರೋಗಿಗಳಿಗೆ ಕೊಟ್ಟು ಅದರ ಪರಿಣಾಮವನ್ನು ದಾಖಲಿಸಿ ಪ್ರಬಂಧ ಬರೆದಿದ್ದರು. ತಲೆಸುತ್ತು, ಎದೆಬಡಿತ, ಸಂಕಟದಿಂದ 17 ಮಂದಿ ತಮಗೆ ಅದನ್ನು ತೆಗೆದುಕೊಳ್ಳಲಾಗದು ಎಂದಿದ್ದರು. ಅದು ಅವರ ರೋಗಕ್ಕೆ ಕೊಟ್ಟ ಚಿಕಿತ್ಸೆಗಿಂತ ಔಷಧದ ಪರೀಕ್ಷೆಯೇ ಆಗಿತ್ತೆಂದು ಲಂಡನ್ನಿನ ಪತ್ರಿಕೆಗಳು ಹರಿಹಾಯ್ದವು. ಬಡ ರೋಗಿಗಳನ್ನು ಪ್ರಯೋಗದ ಪ್ರಾಣಿಗಳಂತೆ ಕಂಡರೆಂಬ ಟೀಕೆ ಬಂದಿತು. ರಿಂಗರ್ ಬಗ್ಗೆ ಬರೆಯುವ ಅಭಿಮಾನಿಗಳು ಸಾಮಾನ್ಯವಾಗಿ ಈ ಪುಟವನ್ನು ಬೇಗನೆ ಮಗುಚುತ್ತಾರೆ. ಮಗುಚಬಾರದು. ಕಪ್ಪೆಯ ಹೃದಯಕ್ಕೆ ಏನು ಹೋಗುತ್ತಿದೆಯೆಂದು ಅಷ್ಟು ಎಚ್ಚರದಿಂದ ನೋಡಿದವರು, ಸರತಿಯಲ್ಲಿ ನಿಂತ ಬಡವನ ಹೊಟ್ಟೆಗೆ ಏನು ಹೋಗುತ್ತಿದೆಯೆಂದು ಆತನಿಗೆ ತಿಳಿಸುವುದು ಅಗತ್ಯವೆಂದು ಭಾವಿಸಲಿಲ್ಲ.

ಖಾಸಗಿ ಬದುಕಿನಲ್ಲಿ ನೋವಿತ್ತು. 1867ರಲ್ಲಿ ಯಾರ್ಕ್‌ಶೈರ್‌ನ ಆನ್ ಡಾರ್ಲಿ ಅವರನ್ನು ವಿವಾಹವಾಗಿದ್ದರು. ಮಗಳು ಆ್ಯನಿ ತನ್ನ ಏಳನೆಯ ಹುಟ್ಟುಹಬ್ಬದ ದಿನವೇ ತೀರಿಕೊಂಡಳು. ಕುಟುಂಬ ಬೇಸಿಗೆ ಕಳೆಯುತ್ತಿದ್ದ ಲಾಸ್ಟಿಂಗ್‌ಹ್ಯಾಮ್ ಎಂಬ ಪುಟ್ಟ ಹಳ್ಳಿಯಲ್ಲಿ ಒಂದು ಪುರಾತನ ಚರ್ಚ್ ಇದೆ. ಮಗಳ ನೆನಪಿಗೆ ಅದರ ಜೀರ್ಣೋದ್ಧಾರಕ್ಕೆ ರಿಂಗರ್ ದಂಪತಿ ಹಣ ಕೊಟ್ಟರು. 1879ರಲ್ಲಿ ವಾಸ್ತುಶಿಲ್ಪಿ ಪಿಯರ್ಸನ್ ಆ ಕೆಲಸ ಪೂರೈಸಿದರು.

1899ರಲ್ಲಿ ಪತ್ನಿ ತೀರಿಕೊಂಡರು. ಮರುವರ್ಷ ರಿಂಗರ್ ನಿವೃತ್ತರಾಗಿ ಅದೇ ಹಳ್ಳಿಗೆ ಹೋಗಿ ನೆಲೆಸಿದರು. ಆ ಕಾಲದ ಅನೇಕ ದೊಡ್ಡ ವೈದ್ಯರಂತೆ ಅವರಿಗೆ ಸರ್ ಪದವಿ ಬರಲಿಲ್ಲ. 1910ರ ಅಕ್ಟೋಬರ್ 14ರಂದು ಪಾರ್ಶ್ವವಾಯುವಿನಿಂದ ನಿಧನರಾದರು. ಮಗಳು ಮತ್ತು ಪತ್ನಿ ಮಲಗಿರುವ ಚರ್ಚಿನ ಅಂಗಳದಲ್ಲೇ ಅವರ ಸಮಾಧಿಯಿದೆ.

ಕಪ್ಪೆಯಿಂದ ಶಸ್ತ್ರಚಿಕಿತ್ಸೆಯ ಮೇಜಿಗೆ

ತಮ್ಮ ದ್ರಾವಣ ಮುಂದೊಂದು ದಿನ ಶಸ್ತ್ರಚಿಕಿತ್ಸೆಯ ಮೇಜಿನ ಪಕ್ಕದ ಕಂಬಕ್ಕೆ ನೇತುಬೀಳುತ್ತದೆಂದು ರಿಂಗರ್ ಎಣಿಸಿರಲಿಲ್ಲ. ರಕ್ತನಾಳಕ್ಕೆ ಉಪ್ಪುನೀರು ಏರಿಸುವ ಕ್ರಮ ಅವರಿಗಿಂತ ಹಳೆಯದು. 1832ರ ಕಾಲರಾ ಪಿಡುಗಿನಲ್ಲಿ ಸ್ಕಾಟ್‌ಲೆಂಡಿನ ವೈದ್ಯ ಥಾಮಸ್ ಲಾಟ್ಟಾ ಅದನ್ನು ಮೊದಲು ಮಾಡಿ ತೋರಿಸಿದರು. ಅವರಿಗೆ ದಾರಿ ತೋರಿಸಿದ್ದು ರೋಗಿಗಳ ರಕ್ತದಲ್ಲಿ ನೀರು ಮತ್ತು ಲವಣ ಬತ್ತಿಹೋಗಿರುವುದನ್ನು ಕಂಡುಹಿಡಿದ ಯುವ ವೈದ್ಯ ವಿಲಿಯಂ ಓಶಾನೆಸ್ಸಿ. ಈ ಓಶಾನೆಸ್ಸಿ ಮುಂದೆ ಭಾರತಕ್ಕೆ ಬಂದು, ವೈದ್ಯ ವೃತ್ತಿಯನ್ನು ಬದಿಗಿಟ್ಟು, 1850ರ ದಶಕದಲ್ಲಿ ಬೆಂಗಳೂರಿಗೂ ತಂತಿ ಸಂಪರ್ಕ ತಂದ ಟೆಲಿಗ್ರಾಫ್ ಜಾಲವನ್ನು ಕಟ್ಟಿದರು ಎಂಬುದು ಕುತೂಹಲದ ವಿಷಯ.

ರಿಂಗರ್ ತೀರಿಕೊಂಡ 22 ವರ್ಷಗಳ ಬಳಿಕ, 1932ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್ ನಗರದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್ ಈ ದ್ರಾವಣಕ್ಕೆ ಸೋಡಿಯಂ ಲ್ಯಾಕ್ಟೇಟ್ ಸೇರಿಸಿದರು. ವಾಂತಿ-ಭೇದಿಯಿಂದ ನರಳುವ ಹಸುಗೂಸುಗಳ ರಕ್ತದಲ್ಲಿ ಆಮ್ಲ ಹೆಚ್ಚುತ್ತದೆ. ಅದನ್ನು ತಗ್ಗಿಸುವ ಬೈಕಾರ್ಬನೇಟನ್ನು ನೇರವಾಗಿ ಬೆರೆಸಿದರೆ ಕ್ಯಾಲ್ಸಿಯಂ ಜೊತೆ ಸೇರಿ ಗಷ್ಟು ಕಟ್ಟುತ್ತದೆ. ಲ್ಯಾಕ್ಟೇಟ್ ಹಾಗಲ್ಲ, ದೇಹದೊಳಗೆ ಯಕೃತ್ತು ಅದನ್ನೇ ಬೈಕಾರ್ಬನೇಟ್ ಆಗಿ ಪರಿವರ್ತಿಸಿಕೊಳ್ಳುತ್ತದೆ. 2023ರ ಜೂನ್‌ನಲ್ಲಿ ಕುಷ್ಟಗಿ ತಾಲ್ಲೂಕಿನ ಬಿಜಕಲ್, ಕನಕಗಿರಿ ತಾಲ್ಲೂಕಿನ ಬಸರಿಹಾಳ ಗ್ರಾಮಗಳಲ್ಲಿ ಕಲುಷಿತ ನೀರು ಕುಡಿದು ಜನ ವಾಂತಿ-ಭೇದಿಗೆ ತುತ್ತಾಗಿ ಸಾವುಗಳೂ ಸಂಭವಿಸಿದ್ದವು. ಇಂಥ ರೋಗಿಗಳಿಗಾಗಿಯೇ ಹುಟ್ಟಿದ ದ್ರಾವಣವಿದು.

ಶಸ್ತ್ರಚಿಕಿತ್ಸೆಗೆ ಇದು ವ್ಯಾಪಕವಾಗಿ ಬಂದದ್ದು 1960ರ ದಶಕದಲ್ಲಿ, ಅಮೆರಿಕದ ಡಲ್ಲಾಸ್‌ನ ಶಸ್ತ್ರವೈದ್ಯ ಟಾಮ್ ಶೈರ್ಸ್ ಅವರ ಸಂಶೋಧನೆಗಳ ನಂತರ. ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಸೋರುವುದರ ಜೊತೆಗೆ ದೇಹದ ಇತರ ದ್ರವವೂ ಸ್ಥಾನಪಲ್ಲಟಗೊಳ್ಳುತ್ತದೆ. ಬೆನ್ನಿಗೆ ಅರಿವಳಿಕೆ ಚುಚ್ಚಿದ ಗರ್ಭಿಣಿಯ ರಕ್ತದೊತ್ತಡ ಥಟ್ಟನೆ ಇಳಿಯುತ್ತದೆ. ಆಗ ಅರಿವಳಿಕೆ ತಜ್ಞರು ಯಾವ ಬಾಟಲಿ ಏರಿಸಬೇಕೆಂದು ನಿರ್ಧರಿಸಬೇಕು. ಸಾಮಾನ್ಯ ಸಲಾಯಿನ್‌ನಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುತ್ತದೆ. ಅದರ ಕ್ಲೋರೈಡ್ ಪ್ರಮಾಣ 154. ರಕ್ತದಲ್ಲಿ ಇರುವುದು ನೂರರ ಆಸುಪಾಸು. ಲೀಟರುಗಟ್ಟಲೆ ಏರಿಸಿದರೆ ರಕ್ತ ಆಮ್ಲೀಯವಾಗುತ್ತದೆ. ರಿಂಗರ್ ಲ್ಯಾಕ್ಟೇಟ್‌ನಲ್ಲಿ ಕ್ಲೋರೈಡ್ 109ರಷ್ಟು, ಸೋಡಿಯಂ 130, ಪೊಟ್ಯಾಸಿಯಂ 4. ಜೊತೆಗೆ ನ್ಯೂ ರಿವರ್ ನೀರು ಕಲಿಸಿದ ಚಿಟಿಕೆ ಕ್ಯಾಲ್ಸಿಯಂ. ರಕ್ತಕ್ಕೆ ಇದು ಹೆಚ್ಚು ಹತ್ತಿರ.

ಹಾಗೆಂದು ಎಲ್ಲರಿಗೂ ಅದೇ ಸರಿಯಲ್ಲ. ತಲೆಗೆ ಪೆಟ್ಟಾದವರ ಮಿದುಳು ಊದಿಕೊಳ್ಳುವ ಭಯವಿರುವುದರಿಂದ ಅವರಿಗೆ ಸಲಾಯಿನ್ ಮೇಲು. ಸತತ ವಾಂತಿಯಿಂದ ಕ್ಲೋರೈಡ್ ಕಳೆದುಕೊಂಡವರಿಗೂ ಸಲಾಯಿನ್ನೇ ಬೇಕು. ಬ್ಲಡ್ ಬ್ಯಾಂಕಿನ ರಕ್ತ ಹೋಗುವ ಕೊಳವೆಯಲ್ಲಿ ಆರ್‌ಎಲ್ ಬಿಡುವಂತಿಲ್ಲ. ಅದರ ಕ್ಯಾಲ್ಸಿಯಂ ರಕ್ತವನ್ನು ಹೆಪ್ಪುಗಟ್ಟಿಸಬಹುದು. ಎಷ್ಟು ಏರಿಸಬೇಕೆಂಬುದೂ ತಲೆನೋವಿನ ಪ್ರಶ್ನೆ. ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದ ಸುಮಾರು 3,000 ರೋಗಿಗಳ ಮೇಲೆ ಹಲವು ದೇಶಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದ್ರವವನ್ನು ಬಿಗಿಹಿಡಿದು ಕೊಟ್ಟವರಲ್ಲಿ ಶೇ 8.6ರಷ್ಟು ಮಂದಿಗೆ ಮೂತ್ರಪಿಂಡದ ಹಾನಿಯಾಯಿತು. ಧಾರಾಳವಾಗಿ ಕೊಟ್ಟವರಲ್ಲಿ ಇದು ಶೇ 5. ಅತಿಯಾದರೂ ಕಷ್ಟ, ಕಡಿಮೆಯಾದರೂ ಕಷ್ಟ.

ಇವೆರಡರ ನಡುವೆ ಮೂರನೆಯ ದ್ರಾವಣವೊಂದು ಹಲವು ವರ್ಷ ಮೆರೆಯಿತು. ಪಿಷ್ಟದಿಂದ ತಯಾರಿಸಿದ, ಬೆಲೆಯೂ ಹೆಚ್ಚಿದ್ದ ಈ ದ್ರಾವಣದ ಪರ ಬಲವಾಗಿ ಬರೆದವರು ಜರ್ಮನಿಯ ಅರಿವಳಿಕೆ ತಜ್ಞ ಜೋಕಿಮ್ ಬೋಲ್ಟ್. ನೈತಿಕ ಸಮಿತಿಯ ಅನುಮತಿಯಿಲ್ಲದ ಕಾರಣಕ್ಕೆ ಅವರ ಸುಮಾರು 90 ಪ್ರಬಂಧಗಳನ್ನು 2011ರಲ್ಲಿ ಪತ್ರಿಕೆಗಳು ಹಿಂತೆಗೆದುಕೊಂಡವು. ಅವರ ಅಧ್ಯಯನಗಳನ್ನು ಬಿಟ್ಟು 2013ರಲ್ಲಿ ಮತ್ತೆ ಲೆಕ್ಕಹಾಕಿದಾಗ, ತೀವ್ರ ಅಸ್ವಸ್ಥರಲ್ಲಿ ಆ ದ್ರಾವಣ ಸಾವನ್ನೂ ಮೂತ್ರಪಿಂಡದ ಹಾನಿಯನ್ನೂ ಹೆಚ್ಚಿಸುತ್ತದೆಂದು ಕಂಡಿತು. ನಲ್ಲಿ ನೀರಿನ ತಪ್ಪನ್ನು ತಾವಾಗಿಯೇ ಅಚ್ಚುಹಾಕಿಸಿದ ರಿಂಗರ್ ಇಲ್ಲಿ ನೆನಪಾಗದೆ ಇರಲಾರರು.

ಮತ್ತೆ ಬಾಟಲಿಯೊಳಗೆ

ಸರಿಯಾದ ದ್ರಾವಣವನ್ನು ಆರಿಸಿದ ಮಾತ್ರಕ್ಕೆ ವೈದ್ಯರ ಕೆಲಸ ಮುಗಿಯುತ್ತದೆ. ಬಾಟಲಿಯೊಳಗೆ ಅದೇ ಇದೆಯೆಂಬುದನ್ನು ಅವರು ನಂಬಬೇಕಷ್ಟೆ. ಈ ನಂಬಿಕೆಗೆ ಆಧಾರವಾಗಿ ಪ್ರತಿ ಬ್ಯಾಚ್‌ಗೂ ಪರೀಕ್ಷೆಗಳಿವೆ. ಭಟ್ಟಿ ಇಳಿಸಿದ ನೀರಿನಲ್ಲೂ ಸತ್ತ ಬ್ಯಾಕ್ಟೀರಿಯಾಗಳ ವಿಷ ಉಳಿದು, ರಕ್ತಕ್ಕೆ ಹೋದಾಗ ಚಳಿಜ್ವರ ತರುತ್ತದೆಂದು ಅಮೆರಿಕದ ಜೀವರಸಾಯನ ವಿಜ್ಞಾನಿ ಫ್ಲಾರೆನ್ಸ್ ಸೀಬರ್ಟ್ 1923ರಲ್ಲಿ ತೋರಿಸಿದ್ದರು. ಕುದಿಸಿದರೂ ಆ ವಿಷ ಹೋಗದು. ಹೀಗಾಗಿ ಕ್ರಿಮಿಶುದ್ಧಿ ಪರೀಕ್ಷೆಯ ಜೊತೆಗೆ ಈ ವಿಷದ ಪರೀಕ್ಷೆಯೂ ಕಡ್ಡಾಯವಾಯಿತು.

ಬಳ್ಳಾರಿಯ ಪ್ರಕರಣದಲ್ಲಿ ಚರ್ಚೆ ಬಂದು ನಿಂತದ್ದು ಇದೇ ಹಂತದಲ್ಲಿ. ಅದೇ ಕಂಪನಿಯ ಕೆಲವು ಬ್ಯಾಚ್‌ಗಳು ಗುಣಮಟ್ಟದ್ದಲ್ಲವೆಂದು ರಾಜ್ಯದ ಪ್ರಯೋಗಾಲಯ ಮೊದಲೇ ಹೇಳಿತ್ತು. ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತು. ತಡೆಹಿಡಿದಿದ್ದ ದ್ರಾವಣ ಮತ್ತೆ ಆಸ್ಪತ್ರೆಗಳಿಗೆ ಹೋಯಿತು. ಒಂದೇ ಔಷಧಕ್ಕೆ ಎರಡು ಸರಕಾರಿ ವರದಿಗಳು ಎರಡು ಮಾತು ಹೇಳಿದಾಗ, ಹೆರಿಗೆ ಕೋಣೆಯ ವೈದ್ಯರು ಯಾವುದನ್ನು ನಂಬಬೇಕಿತ್ತು ಎಂಬುದಕ್ಕೆ ಆ ಬಾಣಂತಿಯರ ಮನೆಯವರಿಗೆ ಉತ್ತರ ಸಿಗಬೇಕಿತ್ತು. 2025ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಮೇದಿನೀಪುರ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಮಹಿಳೆಯರು ಅಸ್ವಸ್ಥರಾಗಿ ಒಬ್ಬರು ಮೃತಪಟ್ಟಾಗ, ಅಲ್ಲೂ ಅದೇ ಕಂಪನಿಯ ರಿಂಗರ್ ಲ್ಯಾಕ್ಟೇಟ್ ಮೇಲೆ ಶಂಕೆ ಬಂದಿತು.